ಮಳೆಗಾಲದ ಮೇಜಿಗೆ ವಿಂಡೋಸೋ, ಲಿನಕ್ಸೋ?

ತೀರ್ಥಹಳ್ಳಿಯ ನನ್ನ ಡಿಟಿಪಿ ಅಂಗಡಿಯಲ್ಲಿ ಎರಡು ಕಂಪ್ಯೂಟರುಗಳು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ವಿಂಡೋಸ್ 11 ಇದೆ, ಇನ್ನೊಂದರಲ್ಲಿ ಕೆಲವು ವರ್ಷಗಳಿಂದ ಲಿನಕ್ಸ್ ಮಿಂಟ್ ಇದೆ. ಎರಡೂ ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್‌ಗಳೇ; ಲಿನಕ್ಸ್ ಉಚಿತ, ಅದರ ಹಲವು ಬಗೆಗಳಲ್ಲಿ ಮಿಂಟ್ ಒಂದು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ ಮೇಲೆ, ಪಹಣಿ ಪ್ರಿಂಟಿಗೆ ಬಂದವರು, ಮದುವೆ ಪತ್ರಿಕೆಯ ಕರಡು ತಿದ್ದಲು ಬಂದವರು, ಸೊಸೈಟಿಯ ಗುಮಾಸ್ತರು, ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಇವೆರಡರಲ್ಲಿ ಕೈಕೊಡದೆ ಇರುವುದು ಯಾವುದು?

ಇಂದಿನ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಸುಮ್ಮಸುಮ್ಮನೆ ಹ್ಯಾಂಗ್ ಆಗುವುದು ಅಪರೂಪ. ಆದ್ದರಿಂದ ಎಷ್ಟು ಸಲ ಹ್ಯಾಂಗ್ ಆಯಿತು ಎಂದು ಎಣಿಸಿ ಎರಡನ್ನೂ ತೂಗಿದರೆ ನಮ್ಮ ಕಡೆಯವರಿಗೆ ಏನೂ ಸಿಗುವುದಿಲ್ಲ. ಮರ ಬಿದ್ದು ಲೈನು ಹರಿದರೆ ಎರಡು ದಿನ ಕತ್ತಲೆಯಲ್ಲಿರುವ, ನೆಟ್‌ವರ್ಕ್ ಹುಡುಕಿಕೊಂಡು ಅಂಗಳದ ಮೂಲೆಗೆ ಹೋಗುವ, ರಿಪೇರಿ ಮಾಡುವವರ ಹತ್ತಿರ ಸಿಪಿಯು ಒಯ್ಯಲು ಬಸ್ಸು ಹಿಡಿಯಬೇಕಾದ ಮಲೆನಾಡಿನಲ್ಲಿ, ನಿಂತುಹೋದ ಯಂತ್ರವನ್ನು ಊರಿನಲ್ಲೇ, ಇರುವವರ ಕೈಯಲ್ಲೇ, ಎಷ್ಟು ಹೊತ್ತಿಗೆ ಮತ್ತೆ ಎಬ್ಬಿಸಬಹುದು ಎಂಬುದೇ ವಿಶ್ವಾಸಾರ್ಹತೆಯ ನಿಜವಾದ ಅಳತೆ ಎಂದು ನಾನು ತಿಳಿದಿದ್ದೇನೆ. ಕೆಳಗಿನ ಹೋಲಿಕೆಯನ್ನು ಆ ಅಳತೆಯಿಂದಲೇ ಮಾಡಿದ್ದೇನೆ.

ಕರೆಂಟು ಹೋದಾಗ

ಮಂಡಿಯಲ್ಲಿ ಲೆಕ್ಕ ಬರೆಯುವವರು ದಿನದ ವ್ಯವಹಾರವನ್ನು ಮೊದಲು ಕಿರ್ದಿಗೆ ಹಾಕಿ, ಆಮೇಲೆ ಬಿಡುವಾದಾಗ ಖಾತೆಗೆ ಏರಿಸುತ್ತಾರೆ. ಖಾತೆಗೆ ಏರಿಸುವಾಗ ಅಡಚಣೆಯಾದರೂ ಕಿರ್ದಿ ನೋಡಿ ಸರಿಪಡಿಸಬಹುದು. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮತ್ತು ಹೆಚ್ಚಿನ ಲಿನಕ್ಸ್‌ಗಳು ಬಳಸುವ ಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಗಳು ಡಿಸ್ಕಿನ ಮೇಲೆ ಇಂಥದೇ ಒಂದು ಕಿರ್ದಿಯನ್ನು ಇಟ್ಟುಕೊಂಡಿರುತ್ತವೆ. ಕರೆಂಟು ಹಠಾತ್ತಾಗಿ ಹೋಗಿ ಬಂದರೆ ಮುಂದಿನ ಸಲ ಯಂತ್ರ ಏಳುವಾಗ ಆ ಕಿರ್ದಿಯನ್ನು ಓದಿ, ಯಾವ ಕಡತ ಎಲ್ಲಿದೆ ಎಂಬ ಲೆಕ್ಕವನ್ನು ಹೊಂದಿಸಿಕೊಳ್ಳುತ್ತವೆ. ಈ ಮಟ್ಟದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಿರ್ದಿ ಕಾಪಾಡುವುದು ಮುಖ್ಯವಾಗಿ ಆ ಲೆಕ್ಕವನ್ನು. ನೀವು ಟೈಪ್ ಮಾಡಿ ಉಳಿಸದೆ ಬಿಟ್ಟ ಎರಡು ಪುಟಗಳನ್ನು ಯಾವ ವ್ಯವಸ್ಥೆಯೂ ತಂದುಕೊಡುವುದಿಲ್ಲ.

ವ್ಯತ್ಯಾಸ ಕಾಣುವುದು ಕಿರ್ದಿಯೂ ಸಾಲದೆ ಹೋದಾಗ. ಹೊಸನಗರದ ಕಡೆಯ ನನ್ನ ಪರಿಚಿತರೊಬ್ಬರ ಮನೆಯಲ್ಲಿ ಹಳೆಯ ಹಾರ್ಡ್ ಡಿಸ್ಕಿನ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದೆ. ಜುಲೈ ತಿಂಗಳ ಒಂದು ಸಂಜೆ ಮೂರು ಸಲ ಕರೆಂಟು ಹೋಗಿ ಬಂದ ಮೇಲೆ, "ಮಾರಾಯ್ರೆ, ಇದು ಕಪ್ಪಗಾಗಿ ನಿಂತುಬಿಟ್ಟಿದೆ, ಏನೋ ಇಂಗ್ಲಿಷಿನಲ್ಲಿ ಬಂದಿದೆ" ಎಂದು ಫೋನು ಬಂತು. ಡಿಸ್ಕಿನ ಹೆಸರಿದ್ದ ಒಂದು ಸಾಲೂ ಅದರ ಕೆಳಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪದವೂ ಅದರ ಮುಂದೆ ಮಿನುಗುವ ಗೆರೆಯೂ ಪರದೆಯ ಮೇಲಿದ್ದವು. ಪಿಯುಸಿ ಓದುವ ಅವರ ಮಗಳ ಕೈಗೆ ಫೋನು ಕೊಡಿಸಿ, ಡಿಸ್ಕನ್ನು ಸರಿಪಡಿಸುವ ಆಜ್ಞೆಯನ್ನು, ಎಫ್ ಎಸ್ ಸಿ ಕೆ, ಒಂದು ಜಾಗ ಬಿಡು, ಸಣ್ಣ ಅಡ್ಡಗೆರೆ, ವೈ, ಮತ್ತೆ ಜಾಗ, ಈಗ ಪರದೆಯಲ್ಲಿರುವ ಡಿಸ್ಕಿನ ಹೆಸರು, ಎಂದು ಅಕ್ಷರ ಅಕ್ಷರವಾಗಿ ಹೇಳುತ್ತಾ ಹೋದೆ. ನಡುವೆ ಎರಡು ಸಲ ಕರೆ ಕಡಿಯಿತು. ಆದರೂ ಕಾಲು ಗಂಟೆಯಲ್ಲಿ ಯಂತ್ರ ಎದ್ದು ಕೂತಿತು, ಕಡತಗಳು ಹಾಗೆಯೇ ಇದ್ದವು. ಇದರಲ್ಲಿ ಲಿನಕ್ಸಿನ ಗುಣ, ದೋಷ ಎರಡೂ ಇವೆ: ತಾನು ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂಬುದನ್ನು ಅದು ನೇರವಾಗಿ ಹೇಳುತ್ತದೆ, ಆದರೆ ಅದರ ಭಾಷೆ ಬಲ್ಲವರೊಬ್ಬರು ಫೋನಿನ ಆ ತುದಿಯಲ್ಲಿ ಇರಬೇಕಾಗುತ್ತದೆ.

ಇಂಥದೇ ಸ್ಥಿತಿಯಲ್ಲಿ ವಿಂಡೋಸ್ ಯಾರನ್ನೂ ಕೇಳದೆ ಡಿಸ್ಕನ್ನು ಪರೀಕ್ಷಿಸಿಕೊಳ್ಳುತ್ತದೆ, ಒಂದೆರಡು ಸಲ ಏಳಲಾಗದಿದ್ದರೆ ತಾನಾಗಿ ದುರಸ್ತಿಯ ಪರದೆಯನ್ನು ತೆರೆಯುತ್ತದೆ. ಬಹಳಷ್ಟು ಸಲ ಇಷ್ಟರಲ್ಲೇ ಸರಿಹೋಗುವುದರಿಂದ ಮನೆಯವರಿಗೆ ಏನಾಯಿತೆಂದೇ ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ವಿಂಡೋಸಿಗೆ ಒಂದು ಅಂಕ ಹೆಚ್ಚು ಕೊಡಲೇಬೇಕು. ಆದರೆ ಆ ದುರಸ್ತಿ ಫಲಿಸದಿದ್ದರೆ, ದುರಸ್ತಿ, ಮರುಚಾಲನೆ, ಮತ್ತೆ ದುರಸ್ತಿ ಎಂಬ ಸುತ್ತಿನಲ್ಲಿ ಯಂತ್ರ ಸಿಕ್ಕಿಕೊಳ್ಳುತ್ತದೆ. ಕಾರಣ ಏನೆಂದು ಪರದೆಯಿಂದ ತಿಳಿಯುವುದು ಕಷ್ಟ, ಅಂಗಡಿಗೆ ಒಯ್ದರೆ ಕೇಳಿಬರುವ ಮಾತು ಸಾಮಾನ್ಯವಾಗಿ "ಫಾರ್ಮ್ಯಾಟ್ ಮಾಡಬೇಕಾಗುತ್ತದೆ" ಎಂಬುದೇ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದರಿಂದಲೂ ಹತ್ತು ನಿಮಿಷವಾದರೂ ತಡೆಯುವ ಯುಪಿಎಸ್ ಇಡುವುದರಿಂದಲೂ ಆಗುವ ಪ್ರಯೋಜನ, ಒಂದು ಆಪರೇಟಿಂಗ್ ಸಿಸ್ಟಮ್ ಬಿಟ್ಟು ಇನ್ನೊಂದಕ್ಕೆ ಹೋಗುವುದರಿಂದ ಆಗುವುದಕ್ಕಿಂತ ಹೆಚ್ಚು. ಆಗುಂಬೆಯ ಆಸುಪಾಸಿನವರಿಗಂತೂ ಡೆಸ್ಕ್‌ಟಾಪಿಗಿಂತ, ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪ್ ಕೊಳ್ಳಿರೆಂದೇ ಹೇಳುತ್ತೇನೆ. ಕ್ಯಾಬಿನೆಟ್ಟಿನೊಳಗೆ ಮನೆ ಮಾಡುವ ಇರುವೆ ಮತ್ತು ಹಲ್ಲಿಗೆ ಯಾವ ತಂತ್ರಾಂಶದಲ್ಲೂ ಔಷಧವಿಲ್ಲ.

ಅಪ್‌ಡೇಟುಗಳ ತಾಪತ್ರಯ

ಮೈಕ್ರೋಸಾಫ್ಟ್ ತಿಂಗಳ ಎರಡನೆಯ ಮಂಗಳವಾರ ಭದ್ರತಾ ತೇಪೆಗಳನ್ನು ಬಿಡುಗಡೆ ಮಾಡುತ್ತದೆ. ಇವು ನೂರಾರು ಎಂಬಿಯಿಂದ ಹಿಡಿದು ಜಿಬಿಯ ಲೆಕ್ಕಕ್ಕೂ ಏರುವುದುಂಟು. ಮೊಬೈಲಿನ ಹಾಟ್‌ಸ್ಪಾಟಿನಿಂದ ನೆಟ್ ಪಡೆಯುವ ಮನೆಯಲ್ಲಿ ದಿನದ ಡೇಟಾ ಬೆಳಿಗ್ಗೆಯೇ ಖಾಲಿಯಾಗಲು ಇದೇ ಸಾಕು. ವೈಫೈ ಸೆಟ್ಟಿಂಗಿನಲ್ಲಿ ಆ ಸಂಪರ್ಕವನ್ನು ಮೀಟರ್ಡ್ (ಡೇಟಾ ಅಳೆದು ಬಳಸಬೇಕಾದದ್ದು) ಎಂದು ಗುರುತಿಸಿದರೆ ಹೆಚ್ಚಿನ ಡೌನ್‌ಲೋಡುಗಳು ನಿಲ್ಲುತ್ತವೆ. ಅಪ್‌ಡೇಟನ್ನು ಐದು ವಾರಗಳವರೆಗೆ ಮುಂದೂಡಲೂಬಹುದು. ಆಮೇಲೆ ಅದು ಬರಲೇಬೇಕು. ಮರುದಿನ ಬೆಳಿಗ್ಗೆ ಗ್ರಾಹಕರು ಬಾಗಿಲಲ್ಲಿ ನಿಂತಿರುವಾಗ ಶೇಕಡಾ ಲೆಕ್ಕ ತೋರಿಸುತ್ತಾ ಕುಳಿತ ಪರದೆಯನ್ನು ನೋಡುವುದು ಹೇಗಿರುತ್ತದೆ ಎಂಬುದನ್ನು ಅಂಗಡಿ ಇಟ್ಟವರೆಲ್ಲ ಬಲ್ಲರು.

ಲಿನಕ್ಸ್ ಮಿಂಟ್ ಈ ವಿಷಯದಲ್ಲಿ ಸಂಕೋಚದ ನೆಂಟನಂತೆ: ಅಪ್‌ಡೇಟು ಬಂದಿದೆಯೆಂದು ಮೂಲೆಯಲ್ಲಿ ಒಂದು ಗುರುತು ತೋರಿಸಿ, ನೀವು ಹೂಂ ಎನ್ನುವವರೆಗೆ ಸುಮ್ಮನಿರುತ್ತದೆ. ಹೂಂ ಎಂದ ಮೇಲೂ ನಿಮ್ಮ ಕೆಲಸ ನಡೆಯುತ್ತಿರುವಾಗಲೇ ಹಿಂದೆ ಮುಗಿಸಿಕೊಳ್ಳುತ್ತದೆ. ತೊಡಕು ಬರುವುದು ಹಾಗೆ ಮುಗಿಸಿಕೊಳ್ಳುವ ಹೊತ್ತಿಗೇ ಕರೆಂಟು ಹೋದರೆ. ವಿಂಡೋಸ್ ಅರ್ಧಕ್ಕೆ ನಿಂತ ಅಪ್‌ಡೇಟನ್ನು ಸಾಮಾನ್ಯವಾಗಿ ತಾನೇ ಹಿಂದಕ್ಕೆ ತೆಗೆದುಕೊಂಡು ಹಳೆಯ ಸ್ಥಿತಿಗೆ ಬರುತ್ತದೆ. ಮಿಂಟ್, ಉಬುಂಟು ಸೇರಿದ ಡೆಬಿಯನ್ ವಂಶದ ಲಿನಕ್ಸ್‌ಗಳಲ್ಲಿ ಅರ್ಧ ಕೂತ ತಂತ್ರಾಂಶದ ಕಟ್ಟುಗಳನ್ನು ಪೂರ್ಣಗೊಳಿಸಲು, ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಎಂಬ ಕಿಟಕಿ ತೆರೆದು ಒಂದು ಆಜ್ಞೆ ಕೊಡಬೇಕಾಗಬಹುದು. ವ್ಯವಸ್ಥೆಯ ತಿರುಳಾದ ಕರ್ನೆಲ್ ಹೊಸದಾಗಿ ಬಂದು ಒಗ್ಗದೆ ಯಂತ್ರ ಏಳದಿದ್ದರೆ ಮಾತ್ರ ಲಿನಕ್ಸಿನಲ್ಲಿ ಪರಿಹಾರ ಸುಲಭ. ಆನ್ ಆಗುವಾಗ ತೆರೆಯಬಹುದಾದ ಗ್ರಬ್ ಎಂಬ ಪಟ್ಟಿಯಲ್ಲಿ ಹಿಂದಿನ ಕರ್ನೆಲ್ ಇನ್ನೂ ಇರುತ್ತದೆ, ಅದನ್ನು ಆರಿಸಿದರೆ ನಿನ್ನೆಯಂತೆ ಕೆಲಸ ಶುರುವಾಗುತ್ತದೆ. ಮಿಂಟ್ ಜೊತೆಗೆ ಬರುವ ಟೈಮ್‌ಶಿಫ್ಟ್ ಎಂಬ ಸಾಧನಕ್ಕೆ ವಾರಕ್ಕೊಂದು ಪ್ರತಿ ಇಟ್ಟುಕೊಳ್ಳಲು ಹೇಳಿದ್ದರೆ ಇಡೀ ವ್ಯವಸ್ಥೆಯನ್ನೇ ಕಳೆದ ವಾರಕ್ಕೆ ಒಯ್ಯಬಹುದು.

ದುಡ್ಡು ಕೊಟ್ಟದ್ದಾದ್ದರಿಂದ ಪರೀಕ್ಷಿಸಿಯೇ ಕಳಿಸುತ್ತಾರೆ ಎಂಬ ನಂಬಿಕೆ, ಎಲ್ಲರೂ ನೋಡಬಹುದಾದ ಕೋಡ್ ಆದ್ದರಿಂದ ಮೋಸ ಅಡಗಲಾರದು ಎಂಬ ನಂಬಿಕೆ, ಇವೆರಡನ್ನೂ ಪೂರ್ತಿಯಾಗಿ ನೆಚ್ಚಬಾರದು. 2018ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟು ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ನಿಲ್ಲಿಸಬೇಕಾಯಿತು. 2024ರ ಜುಲೈ 19ರಂದು ವಿಮಾನ ನಿಲ್ದಾಣ, ಬ್ಯಾಂಕುಗಳ ಪರದೆಗಳೆಲ್ಲ ನೀಲಿಯಾದದ್ದು ವಿಂಡೋಸಿನ ಸ್ವಂತ ತಪ್ಪಿನಿಂದಲ್ಲ, ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಒಂದು ದೋಷಪೂರಿತ ಅಪ್‌ಡೇಟಿನಿಂದ. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಅಂದು ಬಿದ್ದವು. ಇತ್ತ ಮುಕ್ತ ತಂತ್ರಾಂಶದಲ್ಲಿ, ಅದೇ ವರ್ಷದ ಮಾರ್ಚಿನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ಸಾಧನದೊಳಗೆ ಯಾರೋ ಸೇರಿಸಿದ್ದ ಕಳ್ಳಬಾಗಿಲು ಬೆಳಕಿಗೆ ಬಂತು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿ ಅದರ ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆ ಮಾಡಿದರು. ಡೆಬಿಯನ್, ಉಬುಂಟುಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪಿರಲಿಲ್ಲ. ನನ್ನ ಮಟ್ಟಿಗೆ ಇದರಿಂದ ತಿಳಿಯುವುದು ಇಷ್ಟೇ: ಯಾವುದನ್ನೇ ಹಾಕಿದರೂ ಬಿಸಿಬಿಸಿ ಆವೃತ್ತಿ ಬೇಡ, ನಿಧಾನವಾಗಿ ಮಾಗಿದ್ದು ಇರಲಿ. ಉಬುಂಟುವಿನಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗಳಿಗೆ ಐದು ವರ್ಷದ ಬೆಂಬಲ ಇರುತ್ತದೆ. 2024ರ ಎಲ್‌ಟಿಎಸ್ ಮೇಲೆ ಕಟ್ಟಿದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ.

ಇನ್ನೊಂದು ವಿಷಯವನ್ನು ಮುಚ್ಚಿಟ್ಟು ಹೋಲಿಕೆ ಮಾಡಿದರೆ ಅಪ್ರಾಮಾಣಿಕವಾಗುತ್ತದೆ. ನಮ್ಮ ಕಡೆ ಮನೆಗಳಲ್ಲಿರುವ ವಿಂಡೋಸುಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಬಹುಪಾಲು, ದುಡ್ಡು ಕೊಟ್ಟು ತಂದವಲ್ಲ. ಅಂಗಡಿಯವರು ಕ್ರ್ಯಾಕ್ ಹಾಕಿ, ಅದು ಬಿಚ್ಚಿಕೊಳ್ಳದಿರಲೆಂದು ಅಪ್‌ಡೇಟನ್ನೂ ಕೆಲವೊಮ್ಮೆ ವಿಂಡೋಸಿನೊಳಗೇ ಇರುವ, ವೈರಸ್ ತಡೆಯುವ ಡಿಫೆಂಡರನ್ನೂ ಮುಚ್ಚಿ ಕೊಟ್ಟಿರುತ್ತಾರೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಹರಡಿದಾಗ ಸಿಕ್ಕಿಬಿದ್ದದ್ದು ಮಾರ್ಚಿನಲ್ಲೇ ಬಂದಿದ್ದ ತೇಪೆಯನ್ನು ಹಾಕಿಕೊಳ್ಳದ ಯಂತ್ರಗಳು. ವಿಂಡೋಸ್ ಕೈಕೊಡುತ್ತದೆ ಎಂದು ದೂರುವವರು ಮೊದಲು ತಮ್ಮ ವಿಂಡೋಸ್ ಅಸಲಿಯೇ ಎಂದು ನೋಡಿಕೊಳ್ಳಲಿ. ಅಸಲಿ ಕೊಳ್ಳುವ ಮನಸ್ಸಿಲ್ಲದವರಿಗೆ ಕ್ರ್ಯಾಕ್ ಹಾಕಿದ ವಿಂಡೋಸಿಗಿಂತ ಲಿನಕ್ಸ್ ಎಲ್ಲ ರೀತಿಯಲ್ಲೂ ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕನ್ನಡ ಟೈಪಿಂಗ್, ಮತ್ತು ಯಂತ್ರಕ್ಕೆ ಅಂಟಿಕೊಂಡ ಉಳಿದವು

ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲ ಎರಡೂ ಕಡೆ ಮುಗಿದಿದೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಕ್ರೋಮ್ ಎಲ್ಲವೂ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ಸಾಧನವನ್ನು ಬಳಸುವುದರಿಂದ, ಯುನಿಕೋಡ್ ಎಂಬ ಇಂದಿನ ಸಾರ್ವತ್ರಿಕ ಅಕ್ಷರ ಪದ್ಧತಿಯ ಕನ್ನಡ ಲಿನಕ್ಸಿನಲ್ಲಿ ಒಂದು ರೀತಿ, ವಿಂಡೋಸಿನಲ್ಲಿ ಇನ್ನೊಂದು ರೀತಿ ಕಾಣುವ ಪ್ರಶ್ನೆ ಈಗ ಬರುವುದಿಲ್ಲ. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಲಿನಕ್ಸಿನ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕೆಜಿಪಿ ಎಂಬ ಹೆಸರಿನ ಕೀಲಿಮಣೆ ಸಿಗುತ್ತದೆ. ಗುಬ್ಬಿ, ನವಿಲು ಎಂಬ ಚಂದದ ಮುಕ್ತ ಫಾಂಟುಗಳೂ ಇವೆ.

ತೊಂದರೆ ಇರುವುದು ಹಳೆಯ ಕಡತಗಳಲ್ಲಿ. ವಕೀಲರ ದಾವೆ, ಸಂಘದ ನಡಾವಳಿ, ದೇವಸ್ಥಾನದ ಕರಪತ್ರ ಎಲ್ಲವನ್ನೂ ನಾವು ವರ್ಷಗಟ್ಟಲೆ ನುಡಿ ಎಂಬ ಕನ್ನಡ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿಟ್ಟಿದ್ದೇವೆ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಫಾಂಟಿನ ಕಡತವನ್ನು ಲಿನಕ್ಸಿಗೆ ನಕಲು ಮಾಡಿದರೆ ಓದಲು, ಪ್ರಿಂಟ್ ತೆಗೆಯಲು ತೊಂದರೆಯಿಲ್ಲ. ಆದರೆ ಅದೇ ಫಾಂಟಿನಲ್ಲಿ ತಿದ್ದಲು ಬೇಕಾದ ನುಡಿ ತಂತ್ರಾಂಶ ವಿಂಡೋಸಿನದು. ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ಯುನಿಕೋಡನ್ನೇ ಅರಿಯದು, ಅದಕ್ಕೆ ಈಗ ವಿಂಡೋಸ್ ಬಿಟ್ಟು ಬೇರೆ ನೆಲೆಯಿಲ್ಲ. ಅದೇ ಕೆಲಸದ ಮುಕ್ತ ತಂತ್ರಾಂಶ, 2024ರಲ್ಲಿ ಬಂದ ಸ್ಕ್ರೈಬಸ್ 1.6, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ನಾನು ಸಣ್ಣ ಕರಪತ್ರಗಳನ್ನು ಅದರಲ್ಲೇ ಮಾಡುತ್ತೇನೆ; ಮದುವೆಯ ಕಾಲದಲ್ಲಿ ಸಂಜೆಯೊಳಗೆ ನಾಲ್ಕು ಪತ್ರಿಕೆ ಮುಗಿಸಬೇಕಾದಾಗ ಮಾತ್ರ ಕೈ ತಾನಾಗಿ ಪಕ್ಕದ ವಿಂಡೋಸ್ ಯಂತ್ರಕ್ಕೆ ಹೋಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಟ್ಯಾಲಿ ವಿಂಡೋಸಿನಲ್ಲಿ ಓಡುವ ಲೆಕ್ಕಪತ್ರದ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸುವ ವೈನ್ ಎಂಬ ಸಾಧನದ ಮೂಲಕ ಅದನ್ನು ಓಡಿಸುವ ಪ್ರಯೋಗವನ್ನು ಲೆಕ್ಕಪತ್ರದ ಮೇಲೆ ಮಾಡುವುದು ಬೇಡ. ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ನುಗಳಿಗೆ ಲಿನಕ್ಸ್ ಡ್ರೈವರ್ ಇದ್ದರೂ ಸರ್ಕಾರಿ ಜಾಲತಾಣಗಳ ಸಹಿ ತಂತ್ರಾಂಶ ವಿಂಡೋಸನ್ನೇ ಮನಸ್ಸಿನಲ್ಲಿಟ್ಟು ಮಾಡಿದ್ದಾಗಿರುವುದು ಹೆಚ್ಚು. ಹೆಬ್ಬೆರಳು ಒತ್ತುವ ಬಯೋಮೆಟ್ರಿಕ್ ಸಾಧನದ ಕಥೆಯೂ ಅದೇ. ಪ್ರಿಂಟರುಗಳಲ್ಲಿ ಅದೃಷ್ಟ ಬೇರೆ ಬೇರೆ: ಎಚ್‌ಪಿ ಕಂಪನಿ ತನ್ನ ಲಿನಕ್ಸ್ ಡ್ರೈವರನ್ನು ಮುಕ್ತವಾಗಿಯೇ ಕೊಟ್ಟಿರುವುದರಿಂದ ಅದರ ಹೆಚ್ಚಿನ ಪ್ರಿಂಟರುಗಳು ತಂತಿ ಚುಚ್ಚಿದೊಡನೆ ಕೆಲಸ ಮಾಡುತ್ತವೆ. ಇನ್ನು ಕೆಲವು ಹಳೆಯ ಅಗ್ಗದ ಲೇಸರ್ ಪ್ರಿಂಟರುಗಳು ಇಂದು ಪ್ರಿಂಟ್ ಕೊಟ್ಟು ನಾಳೆ ಮುನಿಸಿಕೊಳ್ಳುತ್ತವೆ. ಅಂಥದೊಂದರ ಜೊತೆ ಒಂದು ಇಡೀ ಭಾನುವಾರ ಗುದ್ದಾಡಿ ಕೊನೆಗೆ ಅದನ್ನು ವಿಂಡೋಸ್ ಯಂತ್ರಕ್ಕೇ ಕಟ್ಟಿದೆ.

ಆಪಲ್ ಕಂಪನಿಯ ಮ್ಯಾಕ್ ಕುರಿತು ಹೆಚ್ಚು ಹೇಳುವುದಿಲ್ಲ. ಯಂತ್ರವನ್ನೂ ವ್ಯವಸ್ಥೆಯನ್ನೂ ಒಬ್ಬರೇ ಮಾಡುವುದರಿಂದ ಅದು ಗಟ್ಟಿ. ಆದರೆ ಕೆಟ್ಟಾಗ ಊರಿನ ರಿಪೇರಿಯವರು ಕೈಹಾಕಲು ಹಿಂಜರಿಯುವ ಪೆಟ್ಟಿಗೆ ಅದು, ಬೆಲೆಯೂ ಹೆಚ್ಚು. ನನ್ನ ಅಳತೆಯಲ್ಲಿ ಅದು ಹಿಂದೆ ಬೀಳುತ್ತದೆ.

ಬೀಗದ ಕೈ ಯಾರಲ್ಲಿದೆ

ಹೊಸ ವಿಂಡೋಸ್ 11 ಲ್ಯಾಪ್‌ಟಾಪ್ ಕೊಳ್ಳುವವರು ಅಷ್ಟಾಗಿ ಗಮನಿಸದ ಒಂದು ಅಪಾಯವಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದಾಗ ಹಲವು ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಗೂಢಲಿಪಿಯ ಬೀಗ ಬೀಳುತ್ತದೆ. ಕಳ್ಳರ ಕೈಗೆ ಸಿಕ್ಕರೆ ಕಡತ ಓದಲಾಗದಿರಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮದರ್‌ಬೋರ್ಡು ಹೋಗಿ ಹೊಸದನ್ನು ಹಾಕಿಸಿದರೆ, ಡಿಸ್ಕು ಸರಿಯಾಗಿದ್ದರೂ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೊಡದೆ ಅದು ತೆರೆಯುವುದಿಲ್ಲ. ಆ ಕೀಲಿ ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ನನ್ನ ಬಳಿಗೆ ಬಂದ ಒಬ್ಬರ ಖಾತೆಯನ್ನು ಮಾರಿದ ಅಂಗಡಿಯ ಹುಡುಗ ತನ್ನದೇ ಫೋನ್ ನಂಬರಿನಿಂದ ತೆರೆದುಕೊಟ್ಟಿದ್ದ. ಅವನು ಅಷ್ಟರಲ್ಲಿ ಆ ಅಂಗಡಿ ಬಿಟ್ಟಿದ್ದ, ಆ ನಂಬರು ಬೇರೆ ಯಾರದೋ ಆಗಿತ್ತು. ಮಗುವಿನ ಮೊದಲ ಹುಟ್ಟುಹಬ್ಬದ ಫೋಟೋಗಳು ಆ ಡಿಸ್ಕಿನಲ್ಲೇ ಉಳಿದವು.

ಮಿಂಟ್ ಹಾಕುವಾಗ ಗೂಢಲಿಪಿ ಬೇಕೆಂದು ನೀವೇ ಆರಿಸಿದರೆ ಮಾತ್ರ ಬೀಗ ಬೀಳುತ್ತದೆ. ಆರಿಸದಿದ್ದರೆ, ಯಂತ್ರ ಸುಟ್ಟರೂ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ಕಡತಗಳನ್ನು ಎತ್ತಿಕೊಳ್ಳಬಹುದು. ಆರಿಸಿ ಗುಪ್ತಪದ ಮರೆತರೆ ಅಲ್ಲಿಯೂ ಗತಿಯಿಲ್ಲ.

ಹಾಗಾದರೆ ಯಾರಿಗೆ ಯಾವುದು

ಮನೆಯ ಕಂಪ್ಯೂಟರಿನಲ್ಲಿ ಅಡಿಕೆ ಧಾರಣೆ ನೋಡಿ, ಬ್ಯಾಂಕಿನ ಕೆಲಸ ಮಾಡಿ, ಮಕ್ಕಳ ಪಾಠ ಪ್ರಿಂಟ್ ತೆಗೆಯುವವರು ಮಿಂಟಿಗೆ ಧೈರ್ಯವಾಗಿ ಹೋಗಬಹುದು. ಅದರಲ್ಲೂ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವ ಯಂತ್ರವಾದರೆ ವಿಂಡೋಸ್ 11 ಅದಕ್ಕೆ ನಿಯಮದಂತೆ ಕೂರುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಅದು ಕೇಳುತ್ತದೆ. ನಿಯಮ ತಪ್ಪಿಸಿ ಹಾಕಿಕೊಡುವವರಿದ್ದಾರೆ, ಆದರೆ ಮುಂದಿನ ಅಪ್‌ಡೇಟಿನ ಹೊಣೆ ಅವರು ಹೊರುವುದಿಲ್ಲ. ವಿಂಡೋಸ್ 10ರಲ್ಲೇ ಇರುವವರು ಮೈಕ್ರೋಸಾಫ್ಟಿನ ವಿಸ್ತರಿತ ಭದ್ರತಾ ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಉಸಿರಾಡಬಹುದು. ಮಿಂಟಿಗೆ 4 ಜಿಬಿ ರ‍್ಯಾಮ್ ಇದ್ದರೆ ಸಾಕು.

ಸೊಸೈಟಿ, ಲೆಕ್ಕಪರಿಶೋಧಕರು, ಟ್ಯಾಲಿ ಬಳಸುವ ಅಂಗಡಿಯವರು ಅಸಲಿ ವಿಂಡೋಸನ್ನೇ ಇಟ್ಟುಕೊಳ್ಳಲಿ. ಆಗದ ಕೆಲಸಕ್ಕೆ ಲಿನಕ್ಸನ್ನು ಹೂಡಿ ಆಮೇಲೆ ಅದನ್ನು ಬೈಯುವುದು ಎಮ್ಮೆಗೆ ನೊಗ ಕಟ್ಟಿದಂತೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದುವ ವಿದ್ಯಾರ್ಥಿಗಳಿಗೆ, ಪ್ರೋಗ್ರಾಮಿಂಗ್ ಕಲಿಯುವವರಾದರೆ ಲಿನಕ್ಸ್ ಒಳ್ಳೆಯ ಒಗ್ಗಿಕೆ. ಶಾಲೆಗಳ ಬಗ್ಗೆ ಅನುಮಾನಿಸುವವರು ಪಕ್ಕದ ಕೇರಳವನ್ನು ನೋಡಬಹುದು, ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳು ವರ್ಷಗಳಿಂದ ಲಿನಕ್ಸಿನಲ್ಲೇ ನಡೆಯುತ್ತಿವೆ. ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿಸುವವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಯ್ಕೆಯನ್ನು ಮೊದಲು ಆಫ್ ಮಾಡಲಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರ್ಧ ನಿದ್ದೆಯಲ್ಲಿರುತ್ತದೆ, ಲಿನಕ್ಸ್ ಕಡೆಯಿಂದ ಆ ಡ್ರೈವಿನ ಕಡತಗಳನ್ನು ಓದಬಹುದೇ ಹೊರತು ಬರೆಯಲಾಗುವುದಿಲ್ಲ.

ಬದಲಿಸುವ ಮುನ್ನ, ಮಳೆ ಹಿಡಿಯುವುದರೊಳಗೆ, ಮಿಂಟನ್ನು ಒಂದು ಪೆನ್‌ಡ್ರೈವಿಗೆ ಬರೆದುಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಿ ನೋಡಿ. ಡಿಸ್ಕಿಗೆ ಏನನ್ನೂ ಹಾಕದೆ ಓಡುತ್ತದೆ. ವೈಫೈ ಸಿಗುತ್ತದೆಯೇ, ನಿಮ್ಮದೇ ಪ್ರಿಂಟರಿನಲ್ಲಿ ಒಂದು ಕನ್ನಡ ಪುಟ ಸರಿಯಾಗಿ ಬರುತ್ತದೆಯೇ, ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ತೆಗೆದರೆ ನಿದ್ದೆಯಿಂದ ಏಳುತ್ತದೆಯೇ, ಈ ಮೂರನ್ನು ಪರೀಕ್ಷಿಸಿ. ಮೂರನೆಯದರಲ್ಲೇ ಲಿನಕ್ಸ್ ಹೆಚ್ಚಾಗಿ ಎಡವುವುದು. ಆ ಪೆನ್‌ಡ್ರೈವನ್ನು ಅಳಿಸಬೇಡಿ: ನೀವು ಕೊನೆಗೆ ವಿಂಡೋಸಿನಲ್ಲೇ ಉಳಿದರೂ, ಅದು ಏಳದ ದಿನ, ಡಿಸ್ಕಿಗೆ ಬೀಗ ಬಿದ್ದಿರದಿದ್ದರೆ, ಇದರಿಂದ ಯಂತ್ರ ತೆರೆದು ಕಡತಗಳನ್ನು ಹೊರಗೆ ನಕಲು ಮಾಡಿಕೊಳ್ಳಬಹುದು. ಬೀಗ ಬಿದ್ದಿದ್ದರೆ ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದಿಡಿ. ನಾನು ಎರಡನ್ನೂ ಬೂಷ್ಟು ಹಿಡಿಯದಂತೆ ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯೊಂದರಲ್ಲಿ ಹಾಕಿ, ಮನೆಯಲ್ಲಿ ಹಪ್ಪಳದ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೇನೆ.